ಅವರೆಲ್ಲ ಯಾರನ್ನ ಕೇಳಿದ್ರು?

ಅಮ್ಮಾ,

ನೀನು ಹೋದ ಮೇಲೆ ನಾನು ಪಿಎಚ್.ಡಿ.ಗೆ ಸೇರಿದೆ. ಇವತ್ತು ನನ್ನ ಸಂಶೋಧನಾ ಪ್ರಶ್ನೆಯನ್ನು ಗೈಡ್ ಮೇಡಂಗೆ ತೋರಿಸಿದೆ: ‘ಮನೆಗಾಗಿ ಕೆಲಸ ಬಿಟ್ಟ ಹೆಂಗಸರು ನೆಮ್ಮದಿ ಕಂಡುಕೊಳ್ಳುವುದು ಹೇಗೆ?’

ಅವರು ಕನ್ನಡಕ ತೆಗೆದಿಟ್ಟರು. “ಕಂಡ್ಕೊಂಡ್ರು ಅಂತ ನಿಂಗ್ಯಾರಮ್ಮ ಹೇಳಿದ್ದು?”

“ನಾನು ಓದಿದ ಸಂಶೋಧಕರೆಲ್ಲ ಹಾಗೇ ಬರೆದಿದ್ದಾರೆ, ಮೇಡಂ.”

“ಅವರೆಲ್ಲ ಯಾರನ್ನ ಕೇಳಿದ್ರು, ನೋಡಿದ್ಯಾ?”

ಲೈಬ್ರರಿಗೆ ಹೋಗಿ ಓದಿದ್ದನ್ನೆಲ್ಲ ಮತ್ತೆ ತಿರುವಿಹಾಕಿದೆ. ಗಂಡಂದಿರನ್ನು ಕೇಳಿದ್ದಾರೆ, ಮಕ್ಕಳನ್ನು ಕೇಳಿದ್ದಾರೆ. ಕೆಲಸ ಬಿಟ್ಟವಳನ್ನು ಒಬ್ಬರೂ ಕೇಳಿಲ್ಲ. ಎಂಥ ಘನ ವಿದ್ವಾಂಸರಪ್ಪಾ ಎಂದು ಸಿಟ್ಟು ಬಂತು.

ಆಮೇಲೆ ನೆನಪಾಯಿತು. ಟೆಲಿಫೋನ್ ಆಪರೇಟರ್ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ, ಮನೆಯ ಫೋನ್ ರಿಂಗಾದರೆ ನೀನು ನೆಟ್ಟಗೆ ಕೂತು ಆಫೀಸಿನ ದನಿಯಲ್ಲೇ “ನಮಸ್ಕಾರ, ಹೇಳಿ” ಎನ್ನುತ್ತಿದ್ದೆ. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ನೀನೂ ನಗುತ್ತಿದ್ದೆಯಾ, ಅಮ್ಮಾ?