ಕೊನೆಯ ಏಳನ್ನು ಕಳಚುವವಳಿಗೆ

ಬೇಲಿ ವರ್ಷ 570, ಹದಿಮೂರನೆಯ ತಿಂಗಳ ಮೂರನೆಯ ದಿನ
ನಂಜುಕೆರೆ ಕಾವಲುಮನೆ

ನೂರೈವತ್ತು ವರ್ಷದಾಚೆಯ ನನ್ನ ಕೂಸೇ,

ನನ್ನ ಮಾತು ನಿನಗೆ ವಿಚಿತ್ರವೆನ್ನಿಸಿದರೆ ಕ್ಷಮಿಸು. ಶಾಲೆ ಕಂಡವಳಲ್ಲ, ಲೆಕ್ಕವನ್ನು ಬಚ್ಚಲ ಗೋಡೆಯ ಮೇಲೆ ಇದ್ದಿಲಿನಲ್ಲಿ ಕಲಿತೆ. ಹಳಬರು ಅವಿಭಾಜ್ಯ ಎನ್ನುತ್ತಿದ್ದದ್ದು ನಮ್ಮ ಬಾಯಲ್ಲಿ ಗಟ್ಟಿಯೆಣಿಕೆ: ಒಂದನ್ನೂ ತನ್ನನ್ನೂ ಬಿಟ್ಟು ಯಾವುದರಿಂದಲೂ ಸಮವಾಗಿ ಒಡೆಯದ ಸಂಖ್ಯೆ.

ಈ ಕೆರೆಗೆ ಇಳಿದ ಗಣಿಯ ವಿಷ ಕರಗಲು ಏಳುನೂರ ಇಪ್ಪತ್ತು ವರ್ಷ ಬೇಕಂತೆ. ಅದಕ್ಕೇ ಹಳಬರು ಸುತ್ತ ಬೇಲಿ ಹಾಕಿ, ಗೇಟಿನ ಮೇಲೆ ಇಪ್ಪತ್ನಾಲ್ಕು ತಾಮ್ರದ ಅಂಕಿ ಜಡಿದರು: 357686312646216567629137. ಮೂವತ್ತು ವರ್ಷಕ್ಕೊಮ್ಮೆ ಹೊಸ ಕಾವಲುಗಾರ್ತಿ ಎಡತುದಿಯ ಒಂದು ಅಂಕಿ ಕಳಚುತ್ತಾಳೆ. ಉಳಿದದ್ದು ಪ್ರತಿ ಸಲವೂ ಗಟ್ಟಿಯೆಣಿಕೆಯೇ. ಸೊನ್ನೆಯಿಲ್ಲದೆ ಈ ಗುಣವಿರುವ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಪಕ್ಕದ ಕಲ್ಲಿನಲ್ಲಿ ಎರಡು ಸಾಲು ಕೊರೆದಿದ್ದಾರೆ: ಉಳಿದದ್ದು ಒಡೆಯಬಾರದು. ಕೊನೆಯ ಏಳು ಕಳಚಿದ ದಿನ ನೀರು ಕುಡಿಯಿರಿ.

ಹೋದ ತಿಂಗಳು ಗೇಟಿನ ಮೇಲೆ 629137 ಇತ್ತು. ಸರದಿ ನನ್ನ ಮೊಮ್ಮಗಳು ದೇವೀರಿಯದು. ಎಡಗೈ ಕಡೆಯದನ್ನು ತೆಗೆ ಎಂದು ನಾನೇ ಹೇಳಿಕೊಟ್ಟಿದ್ದೆ. ಮೊಳೆಗಳಿರುವುದು ಕೆರೆಯ ಕಡೆಗೆ, ಅಲ್ಲಿಂದ ಬರೀ ತಗಡಿನ ಬೆನ್ನು ಕಾಣುತ್ತದೆ. ಹಿಂದೆ ಹೋಗಿ ತನ್ನ ಎಡಗೈ ಕಡೆಯದನ್ನು ಎಬ್ಬಿಸಿದಳು. ಕೆಳಗೆ ಬಿದ್ದದ್ದು ಏಳು!

ಎರಡು ಹರದಾರಿಯಿಂದ ನೀರು ಹೊತ್ತು ಬೇಸತ್ತ ಜನ ಕೊಡಕ್ಕೆ ಓಡಿದರು. ನೆರೆಮನೆಯ ತಿಪ್ಪಯ್ಯ ಎಲ್ಲರಿಗಿಂತ ಮೊದಲು ಕೊಡ ತುಂಬಿ ತಂದ.

“ಕಲ್ಲಿನಾಗ ಬರದೈತಿ ನೋಡವ್ವಾ ಬೋರಮ್ಮ. ಏಳು ಬಿತ್ತು, ಕುಡೀರಿ ಅಂತ. ಇನ್ನೇನು ಬೇಕು ನಿನಗ?”

“ಮ್ಯಾಲಿನ ಸಾಲು ನಿಮ್ಮಪ್ಪ ಓದ್ತಾನೇನೋ? ಉಳಿದ ಅಂಕಿ ಕೂಡಿಸು,” ಎಂದೆ ನಾನು.

62913. ಬೆರಳು ಮಡಚಿ ಕೂಡಿಸಿದ. ಇಪ್ಪತ್ತೊಂದು. “ಮೂರೇಳ್ಲೆ...” ಎಂದವನು ಮತ್ತೊಮ್ಮೆ ಕೂಡಿಸಿ ನೋಡಿದ. ಅಂಕಿಗಳ ಮೊತ್ತ ಮೂರರಿಂದ ಒಡೆದರೆ ಸಂಖ್ಯೆಯೂ ಒಡೆಯುತ್ತದೆ. ಅದು ಅವನಿಗೂ ಗೊತ್ತು. ಹಳಬರು ಇಂಥ ಸಂಖ್ಯೆಯನ್ನೇ ಯಾಕೆ ಆರಿಸಿದರೆಂದು ನನಗೂ ಅವತ್ತೇ ತಿಳಿದದ್ದು: ತಪ್ಪು ಅಂಕಿ ಕಳಚಿದರೆ, ಉಳಿದದ್ದೇ ಒಡೆದು ಆ ತಪ್ಪನ್ನು ತೋರಿಸಲೆಂದು.

“ನಿನ್ನ ಲೆಕ್ಕಕ್ಕಿಷ್ಟು ಬೆಂಕಿ ಹಾಕ, ಮುದುಕಿ,” ಎಂದು ಬೈದ.

ದೇವೀರಿ ಅಳುತ್ತಲೇ ಏಳನ್ನು ಮತ್ತೆ ಜಡಿದು ಆರನ್ನು ಕಳಚಿದಳು. ಇನ್ನು ಕಾವಲು ಬೇಡವೆಂದು ಹಟ ಹಿಡಿದವಳನ್ನು ಪಕ್ಕದಲ್ಲಿ ಕೂರಿಸಿಕೊಂಡು 29137ನ್ನು ಭಾಗಿಸತೊಡಗಿದೆ. ನೂರ ಅರವತ್ತೇಳರ ತನಕದ ಮೂವತ್ತೊಂಬತ್ತು ಗಟ್ಟಿಯೆಣಿಕೆಗಳು, ಹನ್ನೊಂದು ದಿನ. ಯಾವುದಕ್ಕೂ ಒಡೆಯಲಿಲ್ಲ. ನಾನು ಕಳೆಯುವಲ್ಲಿ ಎಡವಿದ ಎರಡು ಕಡೆ ತಿದ್ದಿದವಳು ಅವಳೇ. ಈಗ ಗೇಟಿನ ಕೀಲಿ ಅವಳ ಸೊಂಟದಲ್ಲಿದೆ.

ನಿನ್ನ ಹೊತ್ತಿಗೆ ಉಳಿದಿರುವುದು ಏಳೊಂದೇ. ಒಂಟಿಯಾದರೂ ಅದು ಗಟ್ಟಿಯೇ. ಆದರೂ ಮುಟ್ಟುವ ಮೊದಲು ಮುಂದೆ ಬಂದು ನಿಂತು ಓದು. ಆಮೇಲೆ ಕಳಚು, ಮೊದಲ ಬೊಗಸೆ ನೀನು ಕುಡಿ. ಎರಡನೆಯದನ್ನು ತಿಪ್ಪಯ್ಯನ ಹೆಸರಿನಲ್ಲಿ ನೆಲಕ್ಕೆ ಬಿಡು. ಅವತ್ತು ಬೈಯುತ್ತಲೇ ತುಂಬಿದ ಕೊಡವನ್ನು ನೆಲಕ್ಕೆ ಬಗ್ಗಿಸಿದವನು ಅವನು, ಬಾಯಾರಿದ್ದಾಗಲೇ.

ನಿನ್ನ ಅಜ್ಜಿಯರಲ್ಲಿ ಒಬ್ಬಳು,
ಬೋರಮ್ಮ