ಪಾಂಡಾ ನಾಣ್ಯದ ಹೆಬ್ಬೆಟ್ಟು

ಬಟವಾಡಿ, ಅಕ್ಟೋಬರ್ 2006

ಅಪ್ಪ,

ನೀನು ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬ ಮಾಡಲಿಲ್ಲ. ಈ ದೀಪಾವಳಿಗೆ ಲಕ್ಷ್ಮಿಯ ಮುಂದೆ ಇಡೋಣವೆಂದು ಅಮ್ಮ ಬೀರುವಿನಿಂದ ನಿನ್ನ ಬೆಳ್ಳಿ ನಾಣ್ಯಗಳನ್ನು ತೆಗೆದಳು. ಕುಣಿಗಲ್ ಕುದುರೆ ಫಾರಂಗೆ ಬರುತ್ತಿದ್ದ ಪರದೇಶದವರ ಹಿಂದೆ ಬಿದ್ದು ನೀನು ಕೂಡಿಸಿದವು. ಒಂದೊಂದಕ್ಕೂ ಒಂದೊಂದು ಪ್ಲಾಸ್ಟಿಕ್ ಡಬ್ಬಿ. ನನಗೂ ಅಮ್ಮನಿಗೂ ಸೇರಿ ಒಂದೇ ಟ್ರಂಕ್ ಇತ್ತು.

"ಕಪ್ಪಾಗವೆ ಕಣೇ. ವಿಭೂತಿ ಹಾಕಿ ಉಜ್ಜಿಬುಡ್ಲಾ?" ಎಂದಳು.

ಉಜ್ಜಿದರೆ ಮೈಯೆಲ್ಲ ಗೀರು ಬಿದ್ದು, ಎಂಥ ಅಪರೂಪದ ನಾಣ್ಯವೂ ಬರೀ ಬೆಳ್ಳಿಯ ತುಂಡಾಗುತ್ತದೆಂದು ನೀನು ನನಗೆ ಹೇಳಿಕೊಟ್ಟಿದ್ದೆ. ಅಮ್ಮನಿಗೆ ಹೇಳಿರಲಿಲ್ಲ.

"ಚೆನ್ನಾಗಿ ಉಜ್ಜಮ್ಮ" ಎಂದೆ. ಹಳೇ ಬಟ್ಟೆಯನ್ನೂ ನಾನೇ ಹರಿದುಕೊಟ್ಟೆ.

"ಹೆಂಗೆ ಹೊಳೀತವೆ ನೋಡು. ನಿಮ್ಮಪ್ಪ ಇದ್ದಿದ್ರೆ ಖುಷಿಪಡೋರು" ಎಂದಳು. ನಾನು ಹೌದೆಂದೆ.

ಕೊನೆಯ ಡಬ್ಬಿಯಲ್ಲಿ ಪಾಂಡಾ ಕರಡಿಯ ನಾಣ್ಯವಿತ್ತು. ಒಂಬತ್ತು ವರ್ಷದವಳಿದ್ದಾಗ ಎಣ್ಣೆಗೈಯಲ್ಲಿ ಮುಟ್ಟಿದೆನೆಂದು ಸ್ಕೇಲಿನ ಅಂಚಿನಿಂದ ನನ್ನ ಹೆಬ್ಬೆರಳಿಗೆ ಹೊಡೆದಿದ್ದೆಯಲ್ಲ, ಅದೇ. ಉಗುರು ಇಂದಿಗೂ ಸೊಟ್ಟಗಿದೆ. ಕರಡಿಯ ಬೆನ್ನ ಮೇಲೆ ನನ್ನ ಪುಟ್ಟ ಹೆಬ್ಬೆಟ್ಟಿನ ಗುರುತು ಕಪ್ಪಾಗಿ ಹಾಗೇ ಉಳಿದಿತ್ತು. ಅಡಿಯಲ್ಲೊಂದು ಚೀಟಿ, ನಿನ್ನ ಅಕ್ಷರದಲ್ಲಿ: "ಪ್ರೇಮಾಳ ಬೆರಳು, 1993. ಇದನ್ನು ಮಾರಬಾರದು."

ಅದೊಂದನ್ನು ಅಮ್ಮನ ಕೈಗೆ ಕೊಡಲಿಲ್ಲ. ಗುರುತು ಪೂರ್ತಿ ಹೋಗುವವರೆಗೂ ನಾನೇ ಉಜ್ಜಿದೆ.

ಪ್ರೇಮಲತಾ