ಎಡಗಿವಿಯ ಎರಡು ಕಚ್ಚು

೩ ನವೆಂಬರ್ ೧೯೪೮

ಹಾಜರಿ ಆಯಿತು. ಜೋಳದ ಗಂಜಿ. ಇವತ್ತೂ ಉಪ್ಪಿಲ್ಲ. ಅಡುಗೆಯ ಪಂಢರಿ ನಮ್ಮ ಜೊತೆಗೇ ಸಿಕ್ಕಿಬಿದ್ದವನು. ಕೇಳಿದರೆ, "ನಿಜಾಮರ ಉಪ್ಪು ಉಂಡಿದ್ದು ಸಾಕಾಗಿಲ್ಲೇನು?" ಅನ್ನುತ್ತಾನೆ. ಬಾಯಿ ಬಿಟ್ಟರೆ ಇದೇ.

ಅಬ್ದುಲ ಅಜೀಜನ ಬಿಡುಗಡೆ ಆಯಿತು. ಹೋಗುವಾಗ ತನ್ನ ಬ್ಯಾಜು ನನ್ನ ಕೈಗಿಟ್ಟ. ಹಿತ್ತಾಳೆಯದು. ಉಳಿದವರದೆಲ್ಲ ತಾಟಿನ ಅಲ್ಯುಮಿನಿಯಂ, ಇಂಥದ್ದು ಇದೊಂದೇ. ಯಾರದೋ ಲೋಟದ ತಳ... ಹವಾಲ್ದಾರ ಇನ್ನೂ ಆ ಲೋಟ ಹುಡುಕುತ್ತಿದ್ದಾನೆ.

ನಿಜಾಮರ ಫೌಜು ಶರಣಾದ ದಿನ ನಮ್ಮ ಟೋಪಿಯ ಮೇಲಿನ ಸರ್ಕಾರಿ ಬ್ಯಾಜು ಕಿತ್ತುಕೊಂಡರು. ಟೋಪಿ ಬೋಳಾಯಿತು. ಆಮೇಲೆ ಒಬ್ಬೊಬ್ಬರೇ ಮೊಳೆ, ಕಲ್ಲು ಹಿಡಿದು ಕುಟ್ಟಲು ಕೂತರು. ಸರ್ಕಾರದ ಗುರುತು ಹಾಕುವ ಹಾಗಿಲ್ಲ. ಮನೆಯದು, ಊರಿನದು ಹಾಕಿದರು— ಬಾವಿ, ಕಮಾನು, ಅಂಗಡಿಯ ತಕ್ಕಡಿ. ಬಿಡುಗಡೆಯಾದವನು ತನ್ನ ಬ್ಯಾಜು ಬಿಟ್ಟು ಹೋಗಬೇಕು. ಒಯ್ದವನು ತಿರುಗಿ ಒಳಗೆ ಬರುತ್ತಾನೆ ಅಂತ ಇಲ್ಲಿಯ ನಂಬಿಕೆ. ಬಿಟ್ಟದ್ದೆಲ್ಲ ನನ್ನ ಚೀಲಕ್ಕೆ. ಎಲ್ಲರೂ ಹೋಗುತ್ತಿದ್ದಾರೆ, ನನ್ನ ಚೀಲ ತುಂಬುತ್ತಿದೆ. ಖುಷಿಯೋ ಹೊಟ್ಟೆಕಿಚ್ಚೋ, ತಿಳಿಯದು.

೯ ನವೆಂಬರ್, ಮಧ್ಯಾಹ್ನ

ಕ್ಯಾಂಪಿನ ಸಾಹೇಬರು ಹೇಳಿದರು: ಊರಿನಿಂದ ಮನೆಯವರು ಬಂದು ಜಮಾನತ್ ಕಾಗದಕ್ಕೆ, ಅಂದರೆ ಜಾಮೀನಿಗೆ, ಹೆಬ್ಬೆಟ್ಟು ಒತ್ತಬೇಕು. ಯಾರೂ ಬರದವರು ಹೊಸ ವರ್ಷಕ್ಕೆ ದೂರದ ಜೇಲಿಗೆ. ಎಷ್ಟು ದಿನ? ಅವರಿಗೂ ಗೊತ್ತಿಲ್ಲ.

ನನಗಿರುವುದು ಅಪ್ಪ ಒಬ್ಬನೇ. ಸಂತಪುರದ ಬಕ್ಕಪ್ಪ. ಕುರಿ ಬಿಟ್ಟು ಎಲ್ಲಿಗೂ ಹೋದವನಲ್ಲ. ನಾನು ಫೌಜಿಗೆ ಹೊರಟಾಗ ಅಂದದ್ದು ಒಂದೇ ಮಾತು. "ಸರ್ಕಾರದ ಹೇಸರಗತ್ತಿ ಕಾಯೂ ಬದ್ಲಿ ಮನಿ ಕುರಿ ಕಾಯಿ."

ಪಕ್ಕದ ಚಾಪೆಯ ಮಕ್ಸೂದ ಭಾಲ್ಕಿಯವನು. ಬ್ಯಾಜು ಮಾಡುವುದರಲ್ಲಿ ಅವನ ಕೈಗೆ ಸಮ ಇಲ್ಲ.

"ಎಲ್ಲಾರ್ವೂ ಇಟ್ಕೊಂಡಿ, ನಿಂದೇ ಇಲ್ಲಲ್ಲೋ. ಏನ್ ಹಾಕ್ಲಿ?"

"ಕುರಿ ಹಾಕು. ಎಡಗಿವಿಗಿ ಎರಡು ಕಚ್ಚು. ನಮ್ಮ ಮನಿ ಗುರ್ತು ಅದು."

ಹಿಂಡುಗಳು ಬೆರೆತಾಗ ಬೇರೆ ಮಾಡಲು ಒಂದೊಂದು ಮನೆಯವರು ಕುರಿಯ ಕಿವಿಗೆ ಒಂದೊಂದು ರೀತಿ ಕಚ್ಚು ಹಾಕುತ್ತಾರೆ ಅಂತ ವಿವರಿಸಿದೆ. ನಕ್ಕ. "ಅಂದ್ರ ಕುರಿಗೂ ಬ್ಯಾಜ್ ಅದ ಅನ್ನು."

೨೧ ನವೆಂಬರ್

ಅಪ್ಪ ಬಂದಿದ್ದ. 

ಖುಷಿಪಡಲಿ ಅಂತ ಮಕ್ಸೂದ ಮಾಡಿಕೊಟ್ಟ ಕುರಿ ಬ್ಯಾಜನ್ನೇ ಟೋಪಿಗೆ ಚುಚ್ಚಿಕೊಂಡು ಹೋಗಿದ್ದೆ. ಗುಮಾಸ್ತ ಹೆಬ್ಬೆಟ್ಟಿಗೆ ಮಸಿ ಹಚ್ಚಿಯೂ ಆಗಿತ್ತು. ಅಪ್ಪ ತಲೆ ಎತ್ತಿ ನೋಡಿದ.

"ಇದೇನು?"

"ನಮ್ಮ ಗುರ್ತು ಯಪ್ಪಾ."

ಕುರಿಯ ಕಿವಿಯ ಎರಡೂ ಕಚ್ಚು ಮುಟ್ಟಿ ನೋಡಿದ. ಆಮೇಲೆ ದನಿ ಏರಿಸದೆ ಹೇಳಿದ. "ನಿಮ್ಮ ನಿಜಾಮನ ರಜಾಕಾರರು ಊರಾಗಿನ ಎಲ್ಲಾ ಹಿಂಡು ಹೊಡ್ಕೊಂಡು ಹೋದ್ರು. ನಮ್ಮುವು ಒಂದೂ ಮುಟ್ಲಿಲ್ಲ. ಈಗ ಊರಾಗ ನನ್ನ ಕೂಡ ಯಾರೂ ಮಾತಾಡಂಗಿಲ್ಲ. ಯಾಕ ಬಿಟ್ರು ಅಂತ ನನಗ ತಿಳಿದಿದ್ದಿಲ್ಲ. ಈಗ ತಿಳೀತು. ಗುರ್ತು ಅವ್ರಿಗಿ ನೀ ಹೇಳಿ ಕೊಟ್ಟಿದ್ದಿ."

ಇಲ್ಲಿಗೆ ಬಂದ ಮೇಲೆ ಮಾಡಿದ್ದು, ಮಕ್ಸೂದ ಮಾಡಿದ್ದು, ಅಂದೆ. ಕಾಲು ಹಿಡಿದೆ. ಕೇಳಲಿಲ್ಲ. ಮಸಿಯ ಹೆಬ್ಬೆಟ್ಟನ್ನು ಕಂಬಳಿಗೆ ಒರೆಸಿಕೊಂಡು ಎದ್ದು ಹೋದ.

ಯಾಕೆ ಬಿಟ್ಟರು? ನನಗೂ ಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ.

೨೨ ನವೆಂಬರ್

ಬ್ಯಾಜು ಬೇಲಿಯ ಕಡೆ ಎಸೆದೆ. ಮಕ್ಸೂದ ಹೆಕ್ಕಿ ತಂದ. ಬೈದೆ. ಬೈಸಿಕೊಂಡು ಅದರ ಮಣ್ಣು ಒರೆಸುತ್ತ ಕೂತ.

೧೨ ಡಿಸೆಂಬರ್

ಮಕ್ಸೂದನ ತಾಯಿ ಹಮೀದುನ್ನಿಸಾ ಬಂದು ಜಮಾನತ್ ಕೊಟ್ಟರು. ತಂತಿಯ ಸಂದಿನಿಂದ ನನಗೂ ರೊಟ್ಟಿ ಕೊಟ್ಟರು. "ನೀನೂ ಬಾ ಬೇಟಾ. ಮೊದಲು ನಮ್ಮ ಮನ್ಯಾಗ ಉಣ್ಣು, ಆಮ್ಯಾಲ ಊರಿಗಿ ಹೋಗು."

ಮಕ್ಸೂದ ತನ್ನ ಬ್ಯಾಜು ನನ್ನ ಚೀಲಕ್ಕೆ ಹಾಕಿದ. ಭಾಲ್ಕಿ ಕೋಟೆಯ ಬಾಗಿಲು. ನನ್ನದನ್ನು ಜೇಬಿಗಿಳಿಸಿದ.

"ಅಮ್ಮೀನ್ನ ಗಾಡ್ಯಾಗ ಕಳಿಸಿ ನಾ ಸಂತಪುರಕ್ಕ ಹೋಗ್ತೇನಿ. ನಿಮ್ಮಪ್ಪಗ ತೋರ್ಸಿ, ನಾ ಮಾಡೀನಿ ಅಂತ ಹೇಳ್ತೇನಿ."

"ಹುಚ್ಚಾ, ಇಂಥಾ ದಿನದಾಗ ನೀ ಆ ಹಾದಿ ಹಿಡೀಬ್ಯಾಡ. ರಜಾಕಾರರ ಮ್ಯಾಲಿನ ಸಿಟ್ಟಿನ್ಯಾಗ ಮಂದಿ ನಿನ್ನ ಹೆಸ್ರು ಕೇಳಿದ್ರ ಬಿಡಂಗಿಲ್ಲ."

"ಮತ್ತ ನಿನಗ ಯಾರು ಬಿಡಸ್ತಾರ?"

ಇನ್ನೊಂದು ಸಲ ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಜೇಲು ಕಣ್ಣ ಮುಂದಿತ್ತು.

೨೦ ಡಿಸೆಂಬರ್

ಯಾರೂ ಬಂದಿಲ್ಲ. ಜೇಲಿಗೆ ಹೋಗುವವರ ಹೆಸರು ಓದಿದರು. ನನ್ನದೂ ಬಂತು: ವೈಜಿನಾಥ ಬಕ್ಕಪ್ಪ. ಓದಿದವನಿಗೆ ನಾಲಿಗೆ ತಿರುಗಲಿಲ್ಲ, ಪಂಢರಿ ತಿದ್ದಿದ.

೨೭ ಡಿಸೆಂಬರ್

ಅಪ್ಪ ಬಂದ. ಮೊದಲು ಹೆಬ್ಬೆಟ್ಟು ಒತ್ತಿದ. ಆಮೇಲೆ ಚಂಚಿಯೊಳಗಿಂದ ಬ್ಯಾಜು ತೆಗೆದ.

"ಮಕ್ಸೂದ ಬಂದಿದ್ನಾ?"

"ಹಳ್ಳದ ದಂಡ್ಯಾಗ ಬಿದ್ದಿದ್ದ. ಯಾರು ಹೊಡದಾರೋ. ಕುರಿ ಮುಂದ ಹೋಗ್ಲಿಲ್ಲ, ಅದಕ್ಕ ಬಗ್ಗಿ ನೋಡ್ದೆ. ಮುಷ್ಟ್ಯಾಗ ನಮ್ಮ ಗುರ್ತು ಇತ್ತು."

ಬ್ಯಾಜು ನನ್ನ ಅಂಗೈಗೆ ಇಟ್ಟ.

"ಜೀವ ಇತ್ತು ಇನ್ನ. ನೀರು ಹಾಕ್ದೆ. ಇದು ಕ್ಯಾಂಪಿನಾಗ ನಾ ಮಾಡಿದ್ದು, ನಿಮ್ಮ ಮಗಂದು ತಪ್ಪಿಲ್ಲ ಅಂದ. ಎರಡು ಸಲ ಅಂದ. ಅಷ್ಟ."

"ಆಮ್ಯಾಲ?"

"ಅವರ ಪದ್ಧತಿ ನನಗೇನ್ ಗೊತ್ತು. ಕಂಬಳಿ ಹೊದಿಸಿ ಮಣ್ಣು ಮಾಡ್ದೆ."

ಅಪ್ಪನ ಹೆಗಲ ಮೇಲೆ ಕಂಬಳಿ ಇರಲಿಲ್ಲ. ಆಗ ನೋಡಿದೆ.

"ಅವಗ ಯಾರರ ಅದಾರೇನು?" ಕೇಳಿದ.

"ಅವ್ವ ಅದಾಳ ಯಪ್ಪಾ. ಭಾಲ್ಕ್ಯಾಗ."

೨೮ ಡಿಸೆಂಬರ್, ಬೆಳಿಗ್ಗೆ

ಬಿಡುಗಡೆಯ ಚೀಟಿ ಕೈಯಲ್ಲಿದೆ. ಅಪ್ಪ ಗೇಟಿನ ಆಚೆ ಕೂತಿದ್ದಾನೆ. ಚೀಲ ಪಂಢರಿಗೆ ಕೊಟ್ಟೆ, ಅವನನ್ನು ಬಿಡಿಸಲು ಯಾರೂ ಬರುವುದಿಲ್ಲ. ನನ್ನ ಕುರಿಯೂ ಅದರಲ್ಲೇ ಇದೆ. ಕೋಟೆ ಬಾಗಿಲಿನದು ಮಾತ್ರ ನನ್ನ ಹತ್ತಿರ. ಒಯ್ದವನು ತಿರುಗಿ ಒಳಗೆ ಬರುತ್ತಾನಂತೆ. ಬರುತ್ತೇನೆ ಬಿಡು.

ಗಟ್ಟಿಯಾಗಿ ಬೇಡ ಅಂದಿದ್ದರೆ...

ಸಂತಪುರ ಆಮೇಲೆ. ಮೊದಲು ಭಾಲ್ಕಿ. ಆ ತಾಯಿ ನನ್ನನ್ನು ಕಂಡ ಕೂಡಲೇ ಎರಡು ತಾಟು ಇಡುತ್ತಾರೆ. ನನ್ನ ಹಿಂದೆ ಬಾಗಿಲ ಕಡೆ ನೋಡುತ್ತಾರೆ. ಬ್ಯಾಜು ಅವರ ಕೈಗಿಟ್ಟು ಹೇಳಬೇಕು. ಅಮ್ಮೀ, ಮಕ್ಸೂದ—